ಹಿಮಕರಡಿಯ ತೊಗಲಿನಡಿ ಕೊಟ್ಟ ಮಾತು

ಹೊನ್ನಾಳಿ

ಪೆದ್ದತನ ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದುತ್ತಾ ಹೋದಂತೆ ನಿಮಗೆ ಬೇರೆಯವರ ಮೇಲೆ ಸಿಟ್ಟು ಬರಬಹುದು. ಬರಲಿ, ಆದರೆ ಬೈಗುಳದ ಮೊದಲ ಪಾಲು ನನಗಿರಲಿ. ಹೋದ ವರ್ಷ ನಾರ್ವೆ ದೇಶದ ಉತ್ತರದ ತುದಿಯಲ್ಲಿ, ಹಿಮದ ಬಯಲಿನ ನಡುವೆ, ಸತ್ತ ಕರಡಿಯೊಂದರ ತೊಗಲು ಹೊದ್ದು ಕೂತಿದ್ದಾಗ ಚನ್ನಗಿರಿಯ ಅಡಿಕೆ ಸಾವ್ಕಾರರೊಬ್ಬರು ನನಗೆ ಒಂದು ಮಾತು ಕೊಟ್ಟರು. ಊರಿಗೆ ಹೋದ ಮೇಲೆ ಅವರ ಮನೆಯ ನಡುಮನೆಯಲ್ಲಿ, ಅವರ ಪಕ್ಕದಲ್ಲೇ, ನನಗೂ ನನ್ನ ಅವ್ವನಿಗೂ ಊಟದ ಎಲೆ ಹಾಕಿಸುವ ಮಾತು. ನಾನು ಅದನ್ನು ನಂಬಿದೆ. ನಂಬಿ ಸುಮ್ಮನಿದ್ದರೂ ಆಗುತ್ತಿತ್ತು. ಅವ್ವನಿಗೆ ಹೊಸ ಸೀರೆ ಉಡಿಸಿ ಬಸ್ಸು ಹತ್ತಿಸಿದೆ.

ನನ್ನ ಹೆಸರು ಚಂದ್ರ, ಜಗಳೂರು ತಾಲ್ಲೂಕಿನ ಬಿಳಿಚೋಡಿನವನು. ಊರವನು ಅಂದರೆ ಊರ ಹೊರಗಿನ ಕೇರಿಯವನು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ಅಪ್ಪ ಶಾಲೆಯಲ್ಲಿ ಜವಾನರಾಗಿದ್ದು ತೀರಿಕೊಂಡರು. ನಾನು ಬಿ.ಎಸ್ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದೆ. ಇದ್ದ ಒಂದೇ ಆಸ್ತಿ ಗಂಟಲು. ಬಸ್ ಕಂಡಕ್ಟರ್, ರೇಡಿಯೋದ ವಾರ್ತೆ, ಮೈಕ್ ಟೆಸ್ಟಿಂಗ್ ಮಾಡುವವನು, ಸಭೆಯಲ್ಲಿ ನಿದ್ದೆ ಹೋದ ಅಧ್ಯಕ್ಷರು, ಯಾರನ್ನು ಬೇಕಾದರೂ ಅವರ ಎದುರಿಗೇ ಅನುಕರಿಸಿ ಬೈಸಿಕೊಳ್ಳುತ್ತಿದ್ದೆ.

ಹೊನ್ನಾಳಿಯಲ್ಲಿ ಸೇವಾ ಕ್ಲಬ್ಬೊಂದರ ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆಸಿದ್ದರು. ವೇದಿಕೆಯ ಮೇಲಿದ್ದ ಕ್ಲಬ್ಬಿನ ಹಿರಿಯ, ಚನ್ನಗಿರಿಯ ಆ ಅಡಿಕೆ ಸಾವ್ಕಾರರು, ರುದ್ರಪ್ಪನವರು ಆಗಷ್ಟೇ ಭಾಷಣ ಮುಗಿಸಿದ್ದರು. ಅದೇ ಭಾಷಣವನ್ನು, ನಡುನಡುವೆ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸುವ ಸದ್ದಿನ ಸಮೇತ, ನಾನು ಮತ್ತೆ ಒಪ್ಪಿಸಿದೆ. ಸಭೆ ಉಸಿರು ಬಿಗಿಹಿಡಿಯಿತು. ರುದ್ರಪ್ಪನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಈ ಹುಡುಗ ನಮ್ ಜತಿಗೆ ಬರ್ಲಿ. ಫಾರಿನ್ನೋರಿಗೂ ಒಂದೀಟು ನಗು ಬ್ಯಾಡವಾ?" ಅಂದರು.

ಹಾಗೆ ನಾನು ನಾರ್ವೆಗೆ ಹೊರಟೆ. ಅಲ್ಲಿನ ಅಂಥದೇ ಕ್ಲಬ್ಬೊಂದು ಈ ಕ್ಲಬ್ಬಿನ ಕಡೆಯಿಂದ ಮೂವರನ್ನು ತಮ್ಮ ಊರಿಗೆ ಕರೆದಿತ್ತು. ರುದ್ರಪ್ಪನವರು ಮುಖಂಡರು. ನ್ಯಾಮತಿಯ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಹಾಲೇಶಪ್ಪನವರು ಎರಡನೆಯವರು. ಮೂರನೆಯವನು ನಾನು. ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಮೇಷ್ಟ್ರು ಮೆಲ್ಲಗೆ ಗುಟ್ಟು ಬಿಟ್ಟರು: "ಎಲ್ಲಾ ಥರದ ಜನಾನೂ ಇರ್ಬೇಕು ಅಂತ ಅಲ್ಲಿಯೋರೇ ಕಂಡೀಷನ್ ಹಾಕಿದ್ರು ಕಣಯ್ಯ. ನೀನು ಸಿಕ್ಕಿದ್ದು ಒಳ್ಳೇದಾತು." ನನ್ನ ಗಂಟಲಿಗೆ ಸಿಕ್ಕಿದೆ ಅಂದುಕೊಂಡಿದ್ದ ಟಿಕೆಟ್ಟು ನನ್ನ ಕೇರಿಗೆ ಸಿಕ್ಕಿತ್ತು.

ಅವ್ವ ಚೀಲಕ್ಕೆ ತುರುಕಿದ್ದು ಒಂದು ಕರಿ ಕಂಬಳಿ. ನಮ್ಮೂರ ಕುರಿ, ನಮ್ಮೂರ ಮಗ್ಗ. ಮೂಗಿಗೆ ಹತ್ತಿರ ತಂದರೆ ಇಡೀ ಮಂದೆ ಬಂದು ನಿಂತ ಹಾಗೆ ವಾಸನೆ. "ಅಲ್ಲಿ ಚಳಿ ಅಂತೆ, ಇದೊಂದಿರ್ಲಿ" ಅಂದಳು. ವಿಮಾನದಲ್ಲಿ ನನ್ನ ಪಕ್ಕ ಕೂತ ಬಿಳಿಯ ಹೆಂಗಸು ದಾರಿಯುದ್ದಕ್ಕೂ ಮೂಗಿಗೆ ಕರವಸ್ತ್ರ ಹಿಡಿದಿದ್ದಳು. ನಾನು ಪಾಪ ಆಕೆಗೆ ನೆಗಡಿ ಅಂದುಕೊಂಡು ಅಮೃತಾಂಜನ ಕೊಡಲು ಹೋಗಿದ್ದೆ.

ಕಡಲಂಚಿನ ಊರು

ನಮ್ಮನ್ನು ಇಳಿಸಿಕೊಂಡ ಊರು ಒಂದು ಕಡೆ ಕಪ್ಪು ಕಡಲು, ಮೂರು ಕಡೆ ಬಿಳಿ ಬೆಟ್ಟ. ಮನೆಗಳಿಗೆ ಮಾತ್ರ ಕೆಂಪು, ಹಳದಿ ಬಣ್ಣ. ಏಪ್ರಿಲ್ ತಿಂಗಳು. ನಮ್ಮೂರಲ್ಲಿ ಆ ಹೊತ್ತಿಗೆ ನಾಯಿಗಳೂ ಬಸ್‌ಸ್ಟ್ಯಾಂಡಿನ ನೆರಳಲ್ಲಿ ನಾಲಗೆ ಚಾಚಿ ಬಿದ್ದಿರುತ್ತವೆ. ಇಲ್ಲಿ ಬಾಗಿಲ ಮುಂದೆ ಸೊಂಟದೆತ್ತರ ಹಿಮ.

ನಮ್ಮ ಉಸ್ತುವಾರಿ ವಹಿಸಿಕೊಂಡವಳ ಹೆಸರು ಇಂಗ್ರಿಡ್. ಹಿಮದ ನಾಡಿನ ಪ್ರಾಣಿಗಳ ಮೈಗೂದಲನ್ನು ಅಭ್ಯಾಸ ಮಾಡುವ ಸಣ್ಣ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ, ನಲವತ್ತರ ಆಸುಪಾಸಿನ, ಉದ್ದ ಕಾಲಿನ ಹೆಂಗಸು. ಆ ಕಡೆಯವರು ಹೌದು ಅನ್ನುವುದನ್ನು ಉಸಿರು ಬಿಡುತ್ತಾ ಹೇಳುವುದಿಲ್ಲ, ಒಳಗೆಳೆದುಕೊಳ್ಳುತ್ತಾ ಹೇಳುತ್ತಾರೆ. "ಹ್ಹ್ಯಾ" ಎಂದು, ತಣ್ಣೀರಿಗೆ ಕಾಲಿಟ್ಟವರ ಹಾಗೆ. ಮೊದಲ ದಿನ ಇಂಗ್ರಿಡ್ ನಾಲ್ಕು ಸಲ ಹಾಗೆ ಅಂದಳು. ರುದ್ರಪ್ಪನವರು ಗಾಬರಿಯಾಗಿ ನನ್ನ ಕಿವಿಯಲ್ಲಿ, "ಆಯಮ್ಮಂಗೆ ದಮ್ಮು ಐತೇನೋ ತಮ್ಮಾ? ಪಾಪ, ಕುಂದ್ರಾಕೆ ಹೇಳು" ಅಂದರು. ನಾನು ಅದನ್ನು ಅಲ್ಲೇ ಕಲಿತೆ. ಮರುದಿನದಿಂದ ಕಾಫಿ ಬೇಕಾ ಅಂದರೆ "ಹ್ಹ್ಯಾ", ಚಳಿಯಾ ಅಂದರೆ "ಹ್ಹ್ಯಾ". ಇಂಗ್ರಿಡ್ ನಕ್ಕಳು. ಆಕೆಯ ಮುದುಕಿ ತಾಯಿ ಮಾತ್ರ ನಗದೆ, ಈ ಹುಡುಗ ಕೊನೆಗೂ ಮನುಷ್ಯರ ಹಾಗೆ ಮಾತಾಡುತ್ತಾನೆ ಅಂದಳಂತೆ.

ಅವರಿಗೂ ನಮ್ಮಿಂದ ಒಂದು ಗಾಬರಿ ಸಿಕ್ಕಿತು. ರುದ್ರಪ್ಪನವರು ಎಲೆಅಡಿಕೆ ಬಿಟ್ಟು ಬದುಕುವವರಲ್ಲ. ಎಲೆ ವಿಮಾನದಲ್ಲೇ ಬಾಡಿತ್ತು, ಅಡಿಕೆ, ಸುಣ್ಣ, ತಂಬಾಕು ಇದ್ದವು. ಒಂದು ಬೆಳಿಗ್ಗೆ ಅಂಚೆ ಕಚೇರಿಯ ಮುಂದೆ ಅಚ್ಚ ಬಿಳಿ ಹಿಮದ ಮೇಲೆ ಅವರು ಉಗುಳಿದ ಕೆಂಪು ನೋಡಿ ಒಬ್ಬ ಮುದುಕ ಓಡಿ ಬಂದು ಅವರ ರಟ್ಟೆ ಹಿಡಿದು ಬೆಂಚಿನ ಮೇಲೆ ಮಲಗಿಸಿಬಿಟ್ಟ. ಬಾಯಲ್ಲಿ ಅಡಿಕೆ ಇದ್ದುದರಿಂದ ಇವರಿಗೆ ಬೇಡ ಅನ್ನಲೂ ಆಗಲಿಲ್ಲ.

ಇಂಥವೆಲ್ಲ ನಡೆಯುತ್ತಿದ್ದಾಗ ನಾವು ಮೂವರೂ ಒಂದೇ ಮನೆಯವರ ಹಾಗಿದ್ದೆವು. ಒಂದೇ ಮೇಜು, ಒಂದೇ ಬ್ರೆಡ್ಡು, ಒಂದೇ ಬೇಯಿಸಿದ ಆಲೂಗಡ್ಡೆ. ರುದ್ರಪ್ಪನವರು ತಾವು ತಂದ ಚಟ್ನಿಪುಡಿಯನ್ನು ನನ್ನ ತಟ್ಟೆಗೂ ಉದುರಿಸುತ್ತಿದ್ದರು. "ಕಡ್ಲು ದಾಟಿದ ಮ್ಯಾಲೆ ನಾವೆಲ್ಲಾ ಒಂದೇ ಕಣೋ" ಅನ್ನುತ್ತಿದ್ದರು. ಆ ಮೇಜಿನಲ್ಲಿ ಪ್ರತಿ ಸಲವೂ ಮೇಷ್ಟ್ರು ನಮ್ಮಿಬ್ಬರ ನಡುವೆ ಕೂರುತ್ತಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇನ್ನೊಬ್ಬರು ಹೆಂಗೆ ಕೂರುತ್ತಾರೆ ಎಂದು ನೋಡಿಯೇ ಹೊಟ್ಟೆ ಹೊರೆಯುವವನಿಗೆ ಬಿದ್ದಿರಲಿಲ್ಲ.

ಬಿಸಿಲ ಗೋಡೆ

ಭಾನುವಾರ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಬಂತು. ಬಂದು ಏನು ಮಾಡಿತು? ತೆಂಕಣ ದಿಕ್ಕಿನ ಗೋಡೆಗಳಿಗೆ ಬೆನ್ನು ಕೊಟ್ಟು, ಹಿಮಸಾರಂಗದ ತೊಗಲು ಹಾಸಿಕೊಂಡು, ಕಣ್ಣು ಮುಚ್ಚಿ ಸೂರ್ಯನಿಗೆ ಮುಖ ಕೊಟ್ಟು ಕೂತಿತು. ಗಂಡಸರು, ಹೆಂಗಸರು, ಬ್ಯಾಂಕಿನ ಮ್ಯಾನೇಜರು, ಪಾದ್ರಿ. ಮಾತಿಲ್ಲ. ಕಿತ್ತಲೆ ಹಣ್ಣು ಸುಲಿಯುವ ಸದ್ದು ಮಾತ್ರ.

ನಮ್ಮ ಜಗಳೂರಿನವರಿಗೆ ಬಿಸಿಲೆಂದರೆ ಸಾಲ ಕೊಟ್ಟವನಲ್ಲದಿದ್ದರೂ ತಪ್ಪಿಸಿಕೊಂಡು ತಿರುಗಬೇಕಾದ ಆಸಾಮಿ. ಇವರಿಗೆ ಅವನು ಚಳಿಗಾಲವಿಡೀ ಮನೆಗೆ ಬರದೆ ಹೋದ ನೆಂಟ. ಎರಡು ತಿಂಗಳು ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲವಂತೆ. ಬಂದಾಗ ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದೇ ಇಲ್ಲಿನ ಮನುಷ್ಯರ ಮತ್ತು ಪ್ರಾಣಿಗಳ ಯೋಚನೆ ಎಂದು ಇಂಗ್ರಿಡ್ ಹೇಳಿದಳು. "ಮನುಷ್ಯರಿಗೆ ಗೋಡೆ ಇದೆ. ಕರಡಿಗೆ ಏನಿದೆ, ನಾಳೆ ಬಂದು ನೋಡಿ" ಅಂದಳು.

ಪ್ರಯೋಗಾಲಯ

ದೊಡ್ಡ ಮೇಜಿನ ಮೇಲೆ ಹಿಮಕರಡಿಯ ಇಡೀ ತೊಗಲನ್ನು ಹಾಸಿದ್ದರು. ಇನ್ನೂ ಉತ್ತರದ ದ್ವೀಪದಲ್ಲಿ ಗುಡಿಸಲಿಗೆ ನುಗ್ಗಿ ಗುಂಡು ತಿಂದ ಕರಡಿಯಂತೆ. ಇಂಗ್ರಿಡ್ ಅದರ ಒಂದು ಕೂದಲು ಕಿತ್ತು ಸೂಕ್ಷ್ಮದರ್ಶಕದಡಿ ಇಟ್ಟಳು. ನೋಡಿದರೆ ಬಿಳಿ ಅಲ್ಲವೇ ಅಲ್ಲ. ಬಣ್ಣವಿಲ್ಲದ ಗಾಜಿನ ಎಳೆ, ಒಳಗೆ ಟೊಳ್ಳು. ಉಪ್ಪಿನ ಹರಳು ಒಂದೊಂದೇ ನೋಡಿದರೆ ಗಾಜು, ರಾಶಿ ಬಿದ್ದರೆ ಬಿಳುಪು. ಹಾಗೆಯೇ ಇದೂ. ಆಮೇಲೆ ತೊಗಲಿನ ಒಂದು ಮೂಲೆಯಲ್ಲಿ ಕೂದಲು ಬೋಳಿಸಿದ್ದ ಜಾಗ ತೋರಿಸಿದಳು. ಕೂದಲ ಬುಡದ ಚರ್ಮ ಇದ್ದಿಲಿನ ಹಾಗೆ ಕಪ್ಪು.

"ಬೆಳಕು ಈ ಕೂದಲಿಂದ ಆ ಕೂದಲಿಗೆ ಚೆದುರುತ್ತಾ ಒಳಗಿಳಿಯುತ್ತದೆ. ಕಪ್ಪು ಚರ್ಮ ಅದನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗದಂತೆ ದಟ್ಟ ಕೂದಲು ತಡೆಯುತ್ತದೆ" ಎಂದು ವಿವರಿಸಿದಳು. ಒಂದೊಂದು ಕೂದಲೂ ಕೊಳವೆಯ ಹಾಗೆ ಬೆಳಕನ್ನು ಬುಡಕ್ಕೆ ಸಾಗಿಸುತ್ತದೆ ಎಂದು ಕೆಲವರು ಬರೆದಿದ್ದಾರಂತೆ. ಆಕೆಗೆ ಅದರಲ್ಲಿ ನಂಬಿಕೆಯಿಲ್ಲ. ನೋಡೋಣ ಅಂದಳು.

ಗೋಡೆಯ ಮೇಲೆ ಒಂದು ಫೋಟೋ ಇತ್ತು. ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ ತೆಗೆದದ್ದು. ಬೆಳ್ಳನೆಯ ಹಿಮದ ಮೇಲೆ ಕಪ್ಪು ಕರಡಿ. ಬರಿಗಣ್ಣಿಗೆ ಬಿಳಿಯಾಗಿ ಕಾಣುವ ಅದೇ ಕರಡಿ ಆ ಬೆಳಕನ್ನು ಹಿಂದಕ್ಕೆ ಕೊಡದೆ ನುಂಗಿಬಿಡುವುದರಿಂದ ಹಾಗೆ ಕಾಣುತ್ತದಂತೆ. ರುದ್ರಪ್ಪನವರು ಕನ್ನಡಕ ಏರಿಸಿ ನೋಡಿ, "ಫೋಟೋ ತೊಳೆಯೋವಾಗ ಕೆಡಿಸ್ಯಾರೆ" ಎಂದು ತೀರ್ಪು ಕೊಟ್ಟರು.

ಇಂಗ್ರಿಡ್ ನನ್ನ ಕಂಬಳಿಯನ್ನೂ ಬಿಡಲಿಲ್ಲ. ಕರಡಿ ತೊಗಲಿನ ಒಂದು ತುಂಡು, ಕಂಬಳಿಯ ಒಂದು ಮೂಲೆ, ಎರಡರ ಅಡಿಗೂ ಉಷ್ಣಮಾಪಕದ ತಂತಿ ಇಟ್ಟು ಮೇಲಿನಿಂದ ದೊಡ್ಡ ದೀಪ ಹಚ್ಚಿದಳು. ಮೊದಲು ನಮ್ಮ ಕಂಬಳಿಯೇ ಗೆದ್ದಿತು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಆಕೆ ಫ್ಯಾನ್ ಹಾಕಿದಳು. ಗಾಳಿ ಬೀಸಿದ್ದೇ ತಡ ಕಂಬಳಿಯ ಬಿಸಿ ಇಳಿಯಿತು, ಕರಡಿಯದು ಅಷ್ಟಾಗಿ ಅಲುಗಲಿಲ್ಲ.

"ಯಾಕೆ ಹಿಂಗೆ ಮೇಷ್ಟ್ರೆ?" ಎಂದೆ.

ಮೇಷ್ಟ್ರಿಗೆ ಗೊತ್ತಿತ್ತು. "ಕರೇದು ಬಿಸ್ಲನ್ನ ಮೇಲ್ಮೇಲೇ ಹಿಡೀತೈತೆ. ಗಾಳಿ ಬಂತು ಅಂದ್ರೆ ಮೇಲಿಂದನೇ ಕಿತ್ಕಂಡು ಹೋತೈತೆ. ಇದು ಹಂಗಲ್ಲ, ಒಳಗೆ ಬಿಟ್ಕಂಡು ಬುಡದಾಗೆ ಹಿಡೀತೈತೆ. ಅಲ್ಲಿಗೆ ಗಾಳಿ ಕೈ ಎಟುಕಂಗಿಲ್ಲ."

"ಅಂದ್ರೆ ಮ್ಯಾಲೆ ಬೆಳ್ಳಗೆ, ಒಳಗೆ ನಮ್ ಚಂದ್ರ!" ಅಂದರು ರುದ್ರಪ್ಪನವರು.

ಮೇಷ್ಟ್ರು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ನಕ್ಕು, ಮೇಜಿನ ಮೇಲೆ ಕೈಯೂರಿ ಕರಡಿಯ ಹಾಗೆ ಗುರುಗುಟ್ಟಿದೆ. ಯಾಕೆ ನಗುತ್ತಿದ್ದೀರಿ ಎಂದು ಇಂಗ್ರಿಡ್ ಕೇಳಿದಳು. ಇಂಗ್ಲಿಷಿಗೆ ತರ್ಜುಮೆ ಮಾಡುವ ಕೆಲಸ ನನ್ನದು. "ಫೋಟೋ ಚೆನ್ನಾಗಿದೆ ಅಂತ" ಎಂದೆ.

ಬಯಲು

ಬೆಟ್ಟದಾಚೆಯ ಹಳ್ಳಿಶಾಲೆಯಲ್ಲಿ ತೊಗಲು ತೋರಿಸಲು ಇಂಗ್ರಿಡ್ ಹೊರಟಾಗ ನಾವೂ ಅವಳ ವ್ಯಾನು ಹತ್ತಿದೆವು. ದಾರಿ ಒಂದು ಬೋಳು ಬಯಲಿನ ಮೇಲೆ ಹೋಗುತ್ತದೆ. ಮರವಿಲ್ಲ, ಮನೆಯಿಲ್ಲ. ನಮ್ಮ ಜಗಳೂರಿನ ಬಯಲಿಗೆ ಸುಣ್ಣ ಬಳಿದ ಹಾಗೆ. ನಡುಬಯಲಲ್ಲಿ ವ್ಯಾನು ಜಾರಿ ಪಕ್ಕದ ಹಿಮಕ್ಕೆ ಮೂಗು ತೂರಿಸಿ ನಿಂತಿತು. ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಇಂಗ್ರಿಡ್ ಹೆದರಲಿಲ್ಲ. ಸ್ಕೀ ಕಟ್ಟಿಕೊಂಡು ಹತ್ತಿರದ ಮನೆಗೆ ಹೋಗಿ ಟ್ರ್ಯಾಕ್ಟರು ತರುತ್ತೇನೆ ಅಂದಳು. ಮೇಷ್ಟ್ರಿಗೆ ಹಿಂದಿನ ದಿನದಿಂದ ಜ್ವರ. ವ್ಯಾನಿನಲ್ಲಿದ್ದ ಒಂದೇ ಒಂದು ಮಲಗುಚೀಲದೊಳಗೆ ಅವರನ್ನು ತೂರಿಸಿ, ಮೂಗೊಂದು ಬಿಟ್ಟು ಜಿಪ್ಪು ಎಳೆದಳು. ನಮ್ಮಿಬ್ಬರಿಗೆ ಹೇಳಿದಳು: "ವ್ಯಾನಿನ ಒಳಗೆ ಕಬ್ಬಿಣ ಕೊರೆಯುತ್ತದೆ. ಹೊರಗೆ ಬಿಸಿಲಿರುವ ಕಡೆ ಕೂತುಕೊಳ್ಳಿ. ಕಂಬಳಿ ಕೆಳಗೆ ಹಾಸಿ. ಕರಡಿ ತೊಗಲನ್ನು ಕೂದಲು ಮೇಲೆ ಮಾಡಿ ಇಬ್ಬರೂ ಒಟ್ಟಿಗೆ ಹೊದ್ದುಕೊಳ್ಳಿ. ಒತ್ತಿಕೊಂಡು ಕೂರಿ. ನಾಚಿಕೆ ಬೇಡ." ನಾನು ತರ್ಜುಮೆ ಮಾಡಿದೆ, ಒಂದು ಪದ ಬಿಡದೆ. ಅವಳು ಬಿಳುಪಿನಲ್ಲಿ ಚುಕ್ಕಿಯಾಗಿ ಕರಗಿಹೋದಳು.

ತೊಗಲು ಇಳಿಸಿ ಬಿಡಿಸಿದೆ. ರುದ್ರಪ್ಪನವರು ನಿಂತೇ ಇದ್ದರು.

"ಬರ್ರಿ ಸಾವ್ಕಾರ್ರೆ."

"ನೀ ಹೊದ್ಕ ತಮ್ಮಾ. ನಂಗೆ ಆ ಕಂಬ್ಳಿ ಕೊಡು, ಸಾಕು."

"ಕಂಬ್ಳಿ ಕೆಳಗೆ ಹಾಸಾಕೆ ಹೇಳ್ಯಾಳಲ್ರಿ?"

"ಕಂಬ್ಳಿಗೇನೂ ತಟ್ಟಂಗಿಲ್ಲಪ್ಪ. ಉಣ್ಣೆ ಅದು. ಯಾರ್ ಮನೇದಾದ್ರೂ ನಡೀತೈತೆ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಣ್ಣೆಗೆ ಮೈಲಿಗೆ ಅಂಟುವುದಿಲ್ಲ. ನಮ್ಮ ಕೇರಿಯಿಂದ ಹೋದ ಕಂಬಳಿಯಾದರೂ ಕೊಡವಿದರೆ ಮುಗಿಯಿತು. ನಾನು ಎಲ್ಲವನ್ನೂ ನಗೆಯಾಡುವವನು, ಇದನ್ನೂ ಬಿಡಲಿಲ್ಲ.

"ಹಂಗಾರೆ ಕರಡೀನೂ ಉಣ್ಣೇನೇ ಅಲ್ವೇನ್ರಿ? ಈಟುದ್ದ ಐತೆ ಕೂದ್ಲು."

"ಕೂದ್ಲು ಸರಿ ಕಣೋ. ಅಡಿಗೆ ತೊಗ್ಲು ಐತಲ್ಲ?"

"ನಿಮ್ ಕಾಲಾಗಿನ ಬೂಟು?"

"ಅದು ಅಂಗ್ಡೀದು."

"ಬೆಲ್ಟು?"

"ಅದೂ ಅಂಗ್ಡೀದೇ. ಸುಮ್ಕೆ ಕೊಡಪ್ಪ, ಚಳಿ ಐತೆ."

ಆಗ ಹೊಳೆಯಿತು. ಲೆಕ್ಕ ತೊಗಲಿನದಲ್ಲ. ಒಬ್ಬರೇ ಹೊದೆಯುವುದಾಗಿದ್ದರೆ ಕರಡಿಯೂ ಅಂಗಡಿಯದೇ ಆಗುತ್ತಿತ್ತು. ತೊಗಲಿನಡಿ ಇದ್ದದ್ದು ನಾನು. ಊಟದ ಮೇಜು, ನಡುವೆ ಮೇಷ್ಟ್ರು, ಎತ್ತರದಿಂದ ಉದುರುತ್ತಿದ್ದ ಚಟ್ನಿಪುಡಿ, ಎಲ್ಲ ಒಂದರ ಹಿಂದೊಂದು ಬಂದು ನನ್ನ ಮುಂದೆ ನಿಂತವು. ವ್ಯಾನಿನ ಬಾಗಿಲು ತೆರೆದಿತ್ತು. ಮಲಗುಚೀಲದಲ್ಲಿ ಮೇಷ್ಟ್ರ ಕಣ್ಣೂ ತೆರೆದಿತ್ತು. ನಾನು ನೋಡಿದ ಕೂಡಲೇ ಮುಚ್ಚಿತು.

ಕಂಬಳಿ ಕೊಟ್ಟೆ. ಅವರು ಅದನ್ನು ತಲೆಯಿಂದ ಕೊಪ್ಪೆ ಹಾಕಿಕೊಂಡು ವ್ಯಾನಿನ ಮುಂಚಕ್ರಕ್ಕೆ ಒರಗಿದರು. ನಾನು ಹಿಂಚಕ್ರಕ್ಕೆ. ಬಿಸಿಲೇನೋ ಕಣ್ಣು ಕುಕ್ಕುವಷ್ಟಿತ್ತು. ಆದರೆ ಗಾಳಿ ಎದ್ದಿತು. ಊಳಿಡುವ ಗಾಳಿಯಲ್ಲ, ನೆಲಕ್ಕೆ ಹತ್ತಿಕೊಂಡು ಹರಿಯುವ ತೆಳ್ಳನೆಯ ಗಾಳಿ, ಹಿಮದ ಪುಡಿಯನ್ನು ಹಾವಿನ ಹಾಗೆ ಓಡಿಸಿಕೊಂಡು ಬರುವಂಥದ್ದು.

ನನಗೆ ಬೆನ್ನಿನ ಮೇಲೆ ಯಾರೋ ಅಂಗೈ ಇಟ್ಟ ಹಾಗಾಯಿತು. ಮೊದಲು ಒಂದು ಅಂಗೈ, ಆಮೇಲೆ ಎರಡು. ಕೂದಲಿನೊಳಗೆ ಇಳಿದ ಬಿಸಿಲು ಕಪ್ಪು ಚರ್ಮಕ್ಕೆ ತಾಗಿ, ಚರ್ಮದಿಂದ ನನಗೆ ಬರುತ್ತಿತ್ತು. ಬಹುಪಾಲು ಬೆಚ್ಚಗಿಟ್ಟದ್ದು ಕೂದಲಿನ ದಪ್ಪವೇ, ಬಿಸಿಲಿನದು ಸಣ್ಣ ಪಾಲು ಎಂದು ಇಂಗ್ರಿಡ್ ಆಮೇಲೆ ತಿದ್ದಿದಳು. ಇರಬಹುದು. ಆಗ ಆ ಸಣ್ಣ ಪಾಲು ನನಗೆ ದೊಡ್ಡದೇ ಅನಿಸಿತ್ತು. ಆ ಕಡೆ ಅವ್ವನ ಕಂಬಳಿಯ ಮೇಲೆ ಬಿದ್ದ ಬಿಸಿಲನ್ನು ಗಾಳಿ ಬಿದ್ದಲ್ಲಿಂದಲೇ ಎತ್ತಿಕೊಂಡು ಹೋಗುತ್ತಿತ್ತು. ಕಂಬಳಿಯದೇನೂ ತಪ್ಪಿಲ್ಲ. ಅದನ್ನು ನೇಯ್ದದ್ದು ಬಿಳಿಚೋಡಿನ ಚಳಿಗೆ.

ಸ್ವಲ್ಪ ಹೊತ್ತಿಗೆ ಹಲ್ಲು ಕಟಕಟ ಅನ್ನುವುದು ಕೇಳಿಸಿತು. ನಾನು ಅದನ್ನೂ ಅನುಕರಿಸಿದೆ. ಕಟಕಟಕ್ಕೆ ಕಟಕಟ. ಅವರು ನಗಲಿಲ್ಲ. ಅಡಿಕೆ ಡಬ್ಬಿ ತೆಗೆಯಲು ಹೋದರು, ಡಬ್ಬಿ ಕೈಯಿಂದ ಜಾರಿ ಹಿಮದಲ್ಲಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು, ಬೆರಳು ಮಡಿಸಲು ಆಗಲಿಲ್ಲ. ಬೆರಳ ತುದಿಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಅವರು ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ಕೂತರು.

ನಾನು ತೊಗಲಿನ ಒಂದು ಅಂಚು ಎತ್ತಿದೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ನನ್ನ ಆಯಸ್ಸಿನಲ್ಲಿ ಅದೇ ಮೊದಲು.

ಅವರು ವ್ಯಾನಿನ ಬಾಗಿಲ ಕಡೆ ನೋಡಿದರು. ಮೇಷ್ಟ್ರ ಗೊರಕೆ ಕೇಳಿಸುತ್ತಿತ್ತು. ಗೊರಕೆಗಳಲ್ಲಿ ನಾನು ಪರಿಣತ. ಅದು ನಿದ್ದೆಯ ಗೊರಕೆಯಾಗಿರಲಿಲ್ಲ. ರುದ್ರಪ್ಪನವರು ಮಂಡಿಯ ಮೇಲೆ ತೆವಳಿಕೊಂಡು ಬಂದು ಒಳಗೆ ಸೇರಿದರು. ಅವರ ಎರಡೂ ಕೈಗಳನ್ನು ನನ್ನ ಕಂಕುಳಲ್ಲಿ ಇಟ್ಟುಕೊಂಡೆ. ಮಂಜಿನ ಗಡ್ಡೆ ಇಟ್ಟ ಹಾಗಿತ್ತು. ತುಂಬ ಹೊತ್ತು ಅವರ ಮೈ ನಡುಗುತ್ತಲೇ ಇತ್ತು, ಆಮೇಲೆ ನಡುಕ ನಿಂತಿತು. ಬೆರಳಿಗೆ ಜೀವ ಬರುವಾಗ ಉರಿ ತಡೆಯಲಾರದೆ ಚಿಕ್ಕ ಹುಡುಗನ ಹಾಗೆ "ಅವ್ವಾ" ಅಂದರು. ಅವರ ಅಡಿಕೆಯ ವಾಸನೆ, ನನ್ನ ಬೆವರ ವಾಸನೆ, ಕರಡಿಯ ವಾಸನೆ, ಎಲ್ಲ ಒಂದಾಗಿತ್ತು.

"ನೀ ಇಲ್ದಿದ್ರೆ ಬೆಟ್ಟು ಹೋಗ್ತಿದ್ವು ಕಣೋ ಚಂದ್ರ" ಅಂದರು. ಆಮೇಲೆ ತಾವಾಗಿಯೇ ಹೇಳಿದರು: "ಊರಿಗೆ ಹೋದ ಮ್ಯಾಲೆ ನಿಮ್ಮವ್ವನ್ನ ಕರ್ಕಂಡು ನಮ್ಮನಿಗೆ ಬಾ. ನಡುಮನ್ಯಾಗೆ ನನ್ ಪಕ್ಕ ಎಲಿ ಹಾಕಿಸ್ತೀನಿ. ದೇವ್ರಾಣೆ."

ನಾನು ಕೇಳಿರಲಿಲ್ಲ. ಕೇಳಿ ಪಡೆದದ್ದಾಗಿದ್ದರೆ ಅನುಮಾನ ಪಡುತ್ತಿದ್ದೆನೋ ಏನೋ. ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಾಗಿರಲಿಲ್ಲ, ಇವತ್ತಿಗೂ ಅದನ್ನು ಹೇಳುತ್ತೇನೆ.

ಟ್ರ್ಯಾಕ್ಟರಿನ ಸದ್ದು ದೂರದಲ್ಲಿ ಕೇಳಿದ ಕೂಡಲೇ ಅವರು ತೊಗಲಿನಿಂದ ಹೊರಗೆ ಬಂದು ಕಂಬಳಿ ಕೊಡವಿ ಹೊದ್ದು ಕೂತರು. ಇಂಗ್ರಿಡ್ ಬಂದು ಬೆರಳು ಪರೀಕ್ಷಿಸಿ, "ಇಬ್ಬರೂ ಒಟ್ಟಿಗೆ ಕೂತಿದ್ದಿರಿ ತಾನೆ?" ಎಂದು ಕೇಳಿದಳು. ರುದ್ರಪ್ಪನವರು ನನ್ನತ್ತ ನೋಡದೆ, ಉಸಿರು ಒಳಗೆಳೆದು, "ಹ್ಹ್ಯಾ" ಅಂದರು.

ಚನ್ನಗಿರಿ

ಊರಿಗೆ ಬಂದ ಮೇಲೆ ಕರೆ ಬರುವುದು ತಡವಾಯಿತು, ಆದರೆ ಬಂತು. ಮೇಷ್ಟ್ರಿಗೂ ಕರೆ ಹೋಗಿತ್ತು. ರುದ್ರಪ್ಪನವರ ಮನೆಯಲ್ಲಿ ಬೀಗರು, ಕ್ಲಬ್ಬಿನವರು ಎಲ್ಲ ಸೇರುವ ಊಟ.

ಅವ್ವ ಬರಲು ಒಪ್ಪಿರಲಿಲ್ಲ. "ಅವ್ರ ಮನಿ ನಡುಮನೆ ಕಟ್ಕಂಡು ನಂಗೇನಾಗ್ಬೇಕು? ನೀ ಹೋಗಿ ಉಂಡು ಬಾ" ಅಂದಳು. ನಾನು ರುದ್ರಪ್ಪನವರ ದನಿಯಲ್ಲೇ ಆ ಮಾತನ್ನು ಅವಳಿಗೆ ಮತ್ತೆ ಮತ್ತೆ ಹೇಳಿ ತೋರಿಸಿದೆ. ಅಳುವೂ ಅಡಿಕೆಯೂ ಬೆರೆತ ದನಿ. ಕೊನೆಗೆ ಅವಳು ನಕ್ಕಳು. "ದನಿ ಕೇಳಿದ್ರೆ ನಿಜ ಅನ್ನಿಸ್ತೈತೆ" ಅಂದಳು. ಹೊಸ ಸೀರೆ ತಂದೆ. ಬಿಳಿಚೋಡಿನಿಂದ ಚನ್ನಗಿರಿಗೆ ಬಸ್ಸು ಬದಲಿಸುತ್ತಾ ಬದಲಿಸುತ್ತಾ, ಸೀರೆಯ ಮಡಿಕೆ ಕೆಡದ ಹಾಗೆ ಅವಳು ಸೀಟಿನ ತುದಿಯಲ್ಲೇ ಕೂತಿದ್ದಳು.

ರುದ್ರಪ್ಪನವರು ಬಾಗಿಲಿಗೆ ಬಂದು ಬಾಯಿ ತುಂಬ ಕರೆದರು. "ಬಾರವ್ವಾ, ಬಾ. ನಿನ್ ಮಗ ಭಾರಿ ಹುಶಾರದಾನೆ." ಜಗಲಿಯ ಮೇಲೆ ಹೊಸ ಚಾಪೆ ಹಾಸಿಸಿದ್ದರು. ಕೂತೆವು. ಒಳಗೆ ಅವರು ನೆಂಟರಿಗೆ ಪ್ರವಾಸದ ಕಥೆ ಹೇಳುವುದು ಜಗಲಿಗೆ ಕೇಳಿಸುತ್ತಿತ್ತು. ಅಂಚೆ ಕಚೇರಿಯ ಮುದುಕ ಬಂದ, ಎಲ್ಲರೂ ನಕ್ಕರು. ವ್ಯಾನು ಹಿಮಕ್ಕೆ ಮೂಗು ತೂರಿಸಿತು. ಗಾಳಿ ಎದ್ದಿತು.

"ಹೆಂಗೆ ಬದುಕಿದ್ರಿ ಮಾವ?" ಯಾರೋ ಕೇಳಿದರು.

"ನಮ್ ಕಡೆ ಕಂಬ್ಳಿ ಇತ್ತಲ್ಲಪ್ಪ! ಅದನ್ನ ಹೊದ್ದು ಕುಂತೆ ನೋಡು, ಆ ದೇಶದ ಚಳಿ ಏನೂ ಮಾಡ್ಲಿಲ್ಲ."

ಮೇಷ್ಟ್ರು ಒಳಗೇ ಇದ್ದರು. ಗೊರಕೆ ಹೊಡೆದವರಿಗೆ ಮಾತು ಎಲ್ಲಿಂದ ಬರಬೇಕು?

ಎಲೆ ಹಾಕುವ ಹೊತ್ತಾಯಿತು. ನಡುಮನೆಯಲ್ಲಿ ಸಾಲಾಗಿ ಎಲೆ ಬಿದ್ದವು. ನೀರು ಚಿಮುಕಿಸುವ ಸದ್ದು, ಮಣೆ ಎಳೆಯುವ ಸದ್ದು. ಆಳು ಎರಡು ಎಲೆ ತಂದು ಜಗಲಿಯ ಚಾಪೆಯ ಮುಂದೆ ಹಾಕಿದ. ಅವ್ವ ಸೆರಗು ಸರಿಮಾಡಿಕೊಂಡಳು. ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಕೂತ ಹಾಗೆಯೇ ಚಾಪೆಯ ತುದಿಯಲ್ಲಿ ಕೂತಿದ್ದಳು.

ನನಗೆ ಗೊತ್ತಿರುವುದು ಒಂದೇ ವಿದ್ಯೆ. ಗಂಟಲು ಸರಿಮಾಡಿಕೊಂಡು, ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ದಾಟಿಸಿ, ರುದ್ರಪ್ಪನವರ ದನಿಯಲ್ಲಿ, ಒಳಗಿನವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ: "ನಿಮ್ಮವ್ವನ್ನ ಕರ್ಕಂಡು ನಮ್ಮನಿಗೆ ಬಾ. ನಡುಮನ್ಯಾಗೆ ನನ್ ಪಕ್ಕ ಎಲಿ ಹಾಕಿಸ್ತೀನಿ. ದೇವ್ರಾಣೆ."

ನಡುಮನೆ ತಣ್ಣಗಾಯಿತು. ಒಳಕೋಣೆಯಿಂದ ಅವರ ಮುದಿ ತಾಯಿಯ ದನಿ ಬಂತು: "ರುದ್ರಪ್ಪಾ, ಯಾರಿಗೆ ಹೇಳ್ತಿದ್ದೀಯೋ ಅದನ್ನ?"

ರುದ್ರಪ್ಪನವರು ಎದ್ದು ಹೊಸ್ತಿಲಿಗೆ ಬಂದರು. ಸಿಟ್ಟು ಮಾಡಿಕೊಂಡಿರಲಿಲ್ಲ. ನಾಚಿಕೊಂಡೂ ಇರಲಿಲ್ಲ. ಇಷ್ಟು ಓದಿದ ಹುಡುಗನಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬ ಬೇಸರ ಮಾತ್ರ ಮುಖದಲ್ಲಿತ್ತು.

"ಒಂದೇ ತೊಗಲಿನಡಿ ಕುಂತಿದ್ವಲ್ರಿ ಸಾವ್ಕಾರ್ರೆ" ಎಂದೆ. ಈ ಸಲ ನನ್ನ ದನಿಯಲ್ಲೇ.

ಅವರು ಹೊಸ್ತಿಲ ಒಳಗಿನಿಂದಲೇ, ಸಮಾಧಾನವಾಗಿ ಹೇಳಿದರು: "ಅಲ್ಲಿ ಚಳಿ ಇತ್ತಪ್ಪ."